ಫೋಗೋ ದ್ವೀಪದ ಚಲಚ್ಚಿತ್ರ ಸಭೆಗಳು

ಊರಿಗೆ ಊರೇ ಮನೆಮಾರುಗಳನ್ನು ತೊರೆದು ಹೋಗಬೇಕೆಂದು ಸರಕಾರವು ಬಯಸಿದಾಗ ಅದಕ್ಕೆ ಎರಡು ದಾರಿಗಳುಂಟು. ಬಲಾತ್ಕಾರವೊಂದು, ಜನರ ಒಪ್ಪಿಗೆಯನ್ನು ಪಡೆದೆವೆಂದು ಹೇಳಿಕೊಳ್ಳುವುದು ಇನ್ನೊಂದು. ಕೆನಡಾ ದೇಶದ ಪೂರ್ವದಂಚಿನಲ್ಲಿರುವ ನ್ಯೂಫೌಂಡ್‌ಲೆಂಡ್ ಪ್ರಾಂತದ ಸರಕಾರವು ಎರಡನೆಯದನ್ನು ಹಿಡಿಯಿತು. ೧೯೪೯ರಲ್ಲಿ ಆ ಪ್ರಾಂತವು ಕೆನಡಾದಲ್ಲಿ ಸೇರಿತು. ಸಮುದ್ರದ ಕೊಲ್ಲಿಕೊಲ್ಲಿಗೂ ಚೆದರಿಕೊಂಡಿದ್ದ ನೂರಾರು ಮೀನುಗಾರ ಹಳ್ಳಿಗಳಿಗೆ ರಸ್ತೆ, ಶಾಲೆ, ಆಸ್ಪತ್ರೆಗಳನ್ನು ಒದಗಿಸುವುದಕ್ಕಿಂತ ಆ ಹಳ್ಳಿಗಳನ್ನೇ ಎತ್ತಿ ದೊಡ್ಡ ಊರುಗಳಲ್ಲಿ ಸೇರಿಸುವುದು ಮೇಲೆಂದು ಜೋಸೆಫ್ ಸ್ಮಾಲ್‌ವುಡ್ ಅವರ ಮಂತ್ರಿಮಂಡಲಕ್ಕೆ ತೋರಿತು. ೧೯೫೪ರ ಯೋಜನೆಯಲ್ಲಿ ಊರಿನ ಎಲ್ಲ ಮನೆಯವರೂ ಒಪ್ಪಬೇಕೆಂದಿತ್ತು. ೧೯೬೫ರಲ್ಲಿ ಕೇಂದ್ರ ಸರಕಾರವೂ ಕೈಗೂಡಿಸಿದ ಮೇಲೆ ನೂರಕ್ಕೆ ೯೦ ಒಪ್ಪಿದರೆ ಸಾಕೆಂದಾಯಿತು; ತರುವಾಯ ಅದು ೮೦ಕ್ಕೆ ಇಳಿಯಿತು. ಹೊರಟುಹೋಗುವ ಸಂಸಾರಕ್ಕೆ ೧,೦೦೦ ಡಾಲರೂ, ತಲೆಯೊಂದಕ್ಕೆ ೨೦೦ ಡಾಲರೂ ಸಿಕ್ಕುತ್ತಿದ್ದವು. ೧೯೭೫ರ ವೇಳೆಗೆ ಸುಮಾರು ೩೦೦ ಹಳ್ಳಿಗಳ ೩೦,೦೦೦ ಜನರು ಹೀಗೆ ಹೊರಟರು. ಕೆಲವರು ಮರದ ಮನೆಗಳನ್ನು ಅಡಿಯಿಂದ ಎಬ್ಬಿಸಿ, ನೀರಿನ ಮೇಲೆ ತೇಲಿಸಿ, ದೋಣಿಗಳಿಂದ ಎಳೆದುಕೊಂಡು ಹೋದರು.

ಒಪ್ಪಿಗೆಯೇನೋ ಇತ್ತು, ಸಹಿಯೂ ಇತ್ತು. ಆದರೆ ನೂರರಲ್ಲಿ ತೊಂಬತ್ತು ಮಂದಿ ಒಪ್ಪಿದರೆ ಮಾತ್ರ ಹಣವೆಂದು ಕಟ್ಟುಮಾಡಿದಲ್ಲಿ, ಒಲ್ಲೆನೆನ್ನುವ ನೆರೆಯವನು ಉಳಿದವರ ಕಣ್ಣಿಗೆ ಶತ್ರುವಾಗುವನು. ಊರಿನ ಉಪಾಧ್ಯಾಯನು ಹೊರಟುಹೋದರೆ ಶಾಲೆ ಮುಚ್ಚುವುದು. ಪಾದ್ರಿ ಹೋದರೆ ಇಗರ್ಜಿ ಮುಚ್ಚುವುದು. ಆಮೇಲೆ ಉಳಿಯುವೆನೆನ್ನುವವನಿಗೆ ಉಳಿಯಲು ಏನಿರುತ್ತದೆ? ಇಂಥ ಲೆಕ್ಕವನ್ನು ಜನಾಭಿಪ್ರಾಯವೆನ್ನುವುದು ಮಾತಿನ ದುಂದುಗಾರಿಕೆಯೆಂದೇ ನನಗೆ ತೋರುತ್ತದೆ.

ಈ ಗಾಳಿಗೆ ಸಿಕ್ಕಿದ ಊರುಗಳಲ್ಲಿ ಫೋಗೋ ದ್ವೀಪವೂ ಒಂದು. ೧೯೬೭ರಲ್ಲಿ ಅಲ್ಲಿ ಹತ್ತು ಹಳ್ಳಿಗಳಲ್ಲಿ ಸುಮಾರು ೫,೦೦೦ ಜನರಿದ್ದರು. ಅರ್ಧಕ್ಕಿಂತ ಹೆಚ್ಚು ಜನರು ಸರಕಾರವು ಕೊಡುವ ಸಹಾಯಧನದಿಂದಲೇ ದಿನ ಕಳೆಯುತ್ತಿದ್ದರು. ಕಾಡ್ ಎಂಬ ಮೀನೇ ಅವರ ಬೆಳೆ. ಇಷ್ಟು ಶ್ರಮಜೀವಿಗಳಾದ ಜನರು ದರಿದ್ರರಾದುದು ಹೇಗೆಂಬುದಕ್ಕೆ ಅಲ್ಲಿನ ವ್ಯಾಪಾರದ ರೀತಿಯನ್ನು ತಿಳಿಯಬೇಕು. ವಸಂತದಲ್ಲಿ ವರ್ತಕನು ಮೀನುಗಾರನಿಗೆ ಉಪ್ಪು, ಹಿಟ್ಟು, ಕಾಕಂಬಿ, ಬಲೆ, ಹಗ್ಗಗಳನ್ನು ಉದ್ರಿಯಾಗಿ ಕೊಡುವನು. ಬೇಸಗೆಯೆಲ್ಲ ಮೀನು ಹಿಡಿದು, ಉಪ್ಪಿಟ್ಟು ಒಣಗಿಸಿ, ಶರತ್ಕಾಲದಲ್ಲಿ ಅದೇ ವರ್ತಕನ ಕಟ್ಟೆಗೆ ಒಪ್ಪಿಸಬೇಕು. ಕೊಟ್ಟ ಸಾಮಾನಿನ ಬೆಲೆಯನ್ನು ಗೊತ್ತುಮಾಡುವವನೂ ಅವನೇ, ಕೊಳ್ಳುವ ಮೀನಿನ ಬೆಲೆಯನ್ನು ಗೊತ್ತುಮಾಡುವವನೂ ಅವನೇ. ತಲೆಮಾರುಗಳ ಕಾಲ ಎಷ್ಟೋ ಸಂಸಾರಗಳು ಕೈಯಲ್ಲಿ ನಗದು ಹಣವನ್ನೇ ಕಾಣದೆ ಈ ಲೆಕ್ಕದ ಪುಸ್ತಕದೊಳಗೇ ಹುಟ್ಟಿ ಅದರೊಳಗೇ ಸತ್ತವು. ಸಾಹುಕಾರನ ಖಾತೆಯನ್ನು ಬಲ್ಲ ನಮ್ಮ ವಾಚಕರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಉಪ್ಪುಮೀನಿನ ವ್ಯಾಪಾರ ಕುಗ್ಗಿದ ಮೇಲೆ ವರ್ತಕರು ದ್ವೀಪದಿಂದ ಕಾಲ್ತೆಗೆದರು. ದೂರದ ಕಡಲಿನಲ್ಲಿ ಹೊರದೇಶಗಳ ದೊಡ್ಡ ಹಡಗುಗಳು ಮೀನನ್ನು ಬಾಚುತ್ತಿದ್ದವು. ದಡದ ಬಳಿಯ ಚಿಕ್ಕ ದೋಣಿಗಳಿಗೆ ಸಿಕ್ಕುವುದು ವರ್ಷವರ್ಷಕ್ಕೂ ಕಡಿಮೆಯಾಯಿತು. ತಮ್ಮನ್ನು ಹಿಂಡುತ್ತಿದ್ದವನು ಹೊರಟುಹೋದರೂ ಜನರಿಗೆ ನೆಮ್ಮದಿಯಾಗಲಿಲ್ಲ. ಕೊಳ್ಳುವವನೂ ಅವನೊಬ್ಬನೇ ಆಗಿದ್ದನಲ್ಲವೆ!

ದ್ವೀಪದ ಜನರಲ್ಲಿ ಒಗ್ಗಟ್ಟಿರಲಿಲ್ಲ. ಟಿಲ್ಟಿಂಗ್ ಎಂಬ ಹಳ್ಳಿಯವರು ಐರ್ಲೆಂಡಿನ ಮೂಲದ ಕ್ಯಾಥೊಲಿಕರು. ಉಳಿದೆಡೆ ಹೆಚ್ಚಾಗಿ ಇಂಗ್ಲಿಷ್ ಮೂಲದ ಪ್ರಾಟೆಸ್ಟಂಟರು. ಪಂಗಡಕ್ಕೊಂದು ಇಗರ್ಜಿ, ಪಂಗಡಕ್ಕೊಂದು ಶಾಲೆ. ನೆರೆಯ ಹಳ್ಳಿಯವರು ಏನೆಣಿಸುತ್ತಾರೆಂಬುದು ಇವರಿಗೆ ತಿಳಿಯದು. ದ್ವೀಪದ ಏಳಿಗೆಗಾಗಿ ಒಂದು ಸಮಿತಿಯೇನೋ ಆಗಲೇ ಏರ್ಪಟ್ಟಿತ್ತು. ಅದರ ಮಾತು ಎಲ್ಲ ಹಳ್ಳಿಗಳಿಗೂ ಮುಟ್ಟಿರಲಿಲ್ಲ.

ಹೀಗಿರಲು ಮೆಮೋರಿಯಲ್ ವಿಶ್ವವಿದ್ಯಾನಿಲಯದ ಪ್ರಸಾರ ವಿಭಾಗದ ಮುಖ್ಯಸ್ಥರಾಗಿದ್ದ ಡೊನಾಲ್ಡ್ ಸ್ನೋಡೆನ್ ಅವರೂ, ಕೆನಡಾದ ರಾಷ್ಟ್ರೀಯ ಚಲಚ್ಚಿತ್ರ ಮಂಡಲಿಯ ಕಾಲಿನ್ ಲೋ ಅವರೂ ಈ ದ್ವೀಪವನ್ನು ಆರಿಸಿಕೊಂಡರು. ಬಡತನವೆಂದರೆ ಹಣವಿಲ್ಲದಿರುವುದಷ್ಟೆ ಅಲ್ಲ, ತನ್ನ ಮಾತು ಯಾರಿಗೂ ಕೇಳಿಸದಿರುವುದೂ ಬಡತನವೇ ಎಂಬುದು ಸ್ನೋಡೆನ್ನರ ಮತ. ಲೋ ಅವರಾದರೋ ನಕ್ಷತ್ರಮಂಡಲವನ್ನು ತೋರಿಸುವ ‘ಯೂನಿವರ್ಸ್’ ಎಂಬ ಚಿತ್ರದಿಂದ ೧೯೬೦ರಲ್ಲಿಯೇ ಕೀರ್ತಿ ಪಡೆದವರು. ಮಂಡಲಿಯು ೧೯೬೭ರಲ್ಲಿ ‘ಚಾಲೆಂಜ್ ಫಾರ್ ಚೇಂಜ್’ ಎಂಬ ಹೆಸರಿನಿಂದ ದಾರಿದ್ರ್ಯವನ್ನು ಕುರಿತ ಚಿತ್ರಮಾಲೆಯೊಂದನ್ನು ಆರಂಭಿಸಿತ್ತು. ಸರಕಾರದ ಹಣದಿಂದ ಸರಕಾರವನ್ನೇ ಪ್ರಶ್ನಿಸುವ ಏರ್ಪಾಡು ಅದು. ಅಂಥದೊಂದು ಹದಿಮೂರು ವರ್ಷಗಳ ಕಾಲ, ೧೯೮೦ರವರೆಗೆ, ಬದುಕಿತೆಂಬುದೇ ಸೋಜಿಗ.

ಆ ವರ್ಷವೇ ಮಂಡಲಿಗೆ ಒಂದು ಕಹಿಯಾದ ಅನುಭವವಾಗಿತ್ತು. ಮಾಂಟ್ರಿಯಲ್ ನಗರದ ಒಂದು ಬಡ ಸಂಸಾರವನ್ನು ಚಿತ್ರಿಸಿ, ಆ ಮನೆಯವರಿಗೆ ಮೊದಲು ತೋರಿಸದೆ, ದೂರದರ್ಶನದಲ್ಲಿ ಊರಿಗೆಲ್ಲ ತೋರಿಸಿದರು. ನೋಡಿದವರು ಮರುಗಿದರು, ಆದರೆ ನೆರೆಹೊರೆಯವರು ಆ ಸಂಸಾರವನ್ನು ಹೀಯಾಳಿಸಿದರು. ಚಿತ್ರ ತೆಗೆದವರ ಉದ್ದೇಶ ಸಾಧುವಾಗಿದ್ದಿತು. ಆದರೆ ಕನ್ನಡಿಯನ್ನು ಮುಖದ ಮುಂದೆ ಹಿಡಿಯದೆ ಬೀದಿಯ ಕಡೆಗೆ ಹಿಡಿದರು.

ಫೋಗೋದಲ್ಲಿ ಲೋ ಅವರು ಈ ಕ್ರಮವನ್ನು ತಿರುಗಿಸಿದರು. ಮಾತಾಡಿದವನು ಮೊದಲು ತನ್ನ ಚಿತ್ರವನ್ನು ತಾನು ನೋಡುವನು. ಬೇಡವೆಂದ ಭಾಗವನ್ನು ತೆಗೆಸುವ ಅಧಿಕಾರ ಅವನದು. ಅವನು ಒಪ್ಪಿದರೆ ಅದನ್ನು ಅವನ ಹಳ್ಳಿಯವರು ನೋಡುವರು, ಆಮೇಲೆ ಉಳಿದ ಹಳ್ಳಿಗಳವರು, ಎಲ್ಲಕ್ಕೂ ಕೊನೆಗೆ ರಾಜಧಾನಿಯ ಮಂತ್ರಿಗಳು. ಚಿತ್ರಗಳ ಕಟ್ಟಡವೂ ಬೇರೆಯಾಗಿತ್ತು. ಒಬ್ಬನ ಮಾತಿನ ತುಂಡನ್ನು ಕತ್ತರಿಸಿ ಇನ್ನೊಬ್ಬನ ಮಾತಿಗೆ ಎದುರಾಗಿ ಹೊಲಿಯುವುದು ಸಾಕ್ಷ್ಯಚಿತ್ರಕಾರರ ವಾಡಿಕೆ. ಹಾಗೆ ಮಾಡಿದರೆ ಊರಿನವರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿದಂತಾಗುವುದೆಂದು ಲೋ ಅವರು ಕಂಡುಕೊಂಡರು. ಆದುದರಿಂದ ಒಂದು ಚಿತ್ರದಲ್ಲಿ ಒಬ್ಬ ಮನುಷ್ಯ, ಇಲ್ಲವೆ ಒಂದು ಸಭೆ, ಇಲ್ಲವೆ ಒಂದು ಮದುವೆ. ಹೀಗೆ ೨೭ ಚಿಕ್ಕ ಚಿತ್ರಗಳಾದವು. ಬಿಲ್ಲಿ ಕ್ರೇನ್ ಎಂಬ ಮೀನುಗಾರರು ಊರು ಬಿಟ್ಟು ಟೊರಾಂಟೊ ನಗರಕ್ಕೆ ತಾವೇಕೆ ಹೊರಟೆವೆಂಬುದನ್ನು ಒಂದರಲ್ಲಿ ಹೇಳುತ್ತಾರೆ. ಇನ್ನೊಂದರಲ್ಲಿ ಮಕ್ಕಳು ಆಡುತ್ತಿರುತ್ತಾರೆ, ಅಷ್ಟೆ. ಪಾಠಶಾಲೆಯಲ್ಲಿ ನಾವು ಕಲಿತ ವಾದಪದ್ಧತಿಯಲ್ಲಿ ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ನಿಲ್ಲಿಸದೆ ಖಂಡನೆಗೆ ತೊಡಗುವುದು ದೋಷವೆನಿಸಿತ್ತು. ಶಾಸ್ತ್ರದ ಸೋಂಕಿಲ್ಲದ ಈ ಚಿತ್ರಕಾರರಿಗೆ ಅದೇ ನಿಯಮ ಕ್ಯಾಮೆರಾದ ಮೂಲಕ ತಿಳಿದುಬಂದಿತು.

ಸುಮಾರು ೩೫ ಪ್ರದರ್ಶನಗಳು ನಡೆದವು. ಎಲ್ಲ ಸೇರಿ ೩,೦೦೦ದಷ್ಟು ಪ್ರೇಕ್ಷಕರು ನೆರೆದರು. ಮದುವೆಯ ಕುಣಿತವೂ ಹಾಡೂ ಇರುವ ಚಿತ್ರಗಳ ನಡುವೆ ಬಿರುಸಾದ ಮಾತಿನ ಚಿತ್ರಗಳನ್ನು ಸೇರಿಸಿ ತೋರಿಸುತ್ತಿದ್ದರು. ದೀಪ ಹಚ್ಚಿದ ಮೇಲೆ ಮಾತಿಗೆ ಅವಕಾಶ. ನೆರೆಯವನನ್ನು ಎದುರಿನಲ್ಲಿ ಟೀಕಿಸಲು ಸಂಕೋಚಪಡುವವರು ತೆರೆಯ ಮೇಲಿನ ಮಾತನ್ನು ಹಿಡಿದು ಚರ್ಚಿಸಬಹುದಾಗಿತ್ತು. ಮುಖ್ಯವಾದ ಸಂಗತಿ ಬೇರೊಂದಿದೆ. ಒಂದು ಹಳ್ಳಿಯವರು ತಮ್ಮೊಬ್ಬರದೇ ಎಂದು ನಂಬಿದ್ದ ದೂರನ್ನು ಬೇರೆ ಪಂಗಡದ, ಬೇರೆ ಕೊಲ್ಲಿಯ ಮನುಷ್ಯನ ಬಾಯಿಂದ ಕೇಳಿದರು. ನೂರಕ್ಕೆ ೯೦ರ ಲೆಕ್ಕದಲ್ಲಿ ಪ್ರತಿಯೊಬ್ಬನೂ ಒಂಟಿಯಾಗಿ ಉತ್ತರ ಹೇಳಬೇಕಾಗಿತ್ತು. ಇಲ್ಲಿ ಉತ್ತರಕ್ಕೆ ಮೊದಲು ಒಬ್ಬರ ಮಾತನ್ನೊಬ್ಬರು ಕೇಳಿದರು. ಎರಡಕ್ಕೂ ಜನಾಭಿಪ್ರಾಯವೆಂದೇ ಹೆಸರು. ಎರಡೂ ಒಂದೇ ಅಲ್ಲ.

ಇನ್‌ಸ್ಪೆಕ್ಟರರ ಮುಂದೆ ಹುಡುಗರು ಒಪ್ಪಿಸುವ ಉತ್ತರವನ್ನೂ, ಅದೇ ಹುಡುಗರು ಆಟದ ಬಯಲಿನಲ್ಲಿ ತಮ್ಮೊಳಗೆ ಆಡಿಕೊಳ್ಳುವ ಮಾತನ್ನೂ ಕೇಳಿದ ಉಪಾಧ್ಯಾಯರಿಗೆ ಈ ಭೇದ ಹೊಸದಲ್ಲ.

ಆಮೇಲೆ ಚಿತ್ರಗಳು ರಾಜಧಾನಿಗೆ ಹೋದವು. ಸ್ಮಾಲ್‌ವುಡ್ಡರೂ ಅವರ ಮಂತ್ರಿಗಳೂ ನೋಡಿದರು. ಮೀನುಗಾರಿಕೆಯ ಮಂತ್ರಿ ಏಡನ್ ಮಲೋನಿ ಅವರು ತಮ್ಮ ಉತ್ತರವನ್ನೂ ಚಿತ್ರವಾಗಿಯೇ ತೆಗೆಸಿ ದ್ವೀಪಕ್ಕೆ ಕಳುಹಿಸಿದರು. ಅರ್ಜಿಗೆ ಹಿಂಬರಹ ಬರೆದು ತಳ್ಳಿಬಿಡುವ ಮಂತ್ರಿಗಳನ್ನು ನಾವು ಬಲ್ಲೆವು. ಮೀನುಗಾರನ ಮುಖವನ್ನು ನೋಡಿ, ಅವನು ನೋಡುವಂತೆ ತನ್ನ ಮುಖವನ್ನೂ ಮುಂದೊಡ್ಡಿ ಉತ್ತರ ಕೊಟ್ಟವರು ವಿರಳ.

ದ್ವೀಪದವರು ಹಡಗು ಕಟ್ಟುವ, ಮೀನು ಸಂಸ್ಕರಿಸಿ ಮಾರುವ ಸಹಕಾರ ಸಂಘವೊಂದನ್ನು ಸ್ಥಾಪಿಸಿಕೊಂಡರು. ದೂರದ ನೀರಿಗೆ ಹೋಗಬಲ್ಲ ದೊಡ್ಡ ದೋಣಿಗಳನ್ನು ತಾವೇ ಕಟ್ಟಿದರು. ಮೀನಿನ ಬೆಲೆಯನ್ನು ಗೊತ್ತುಮಾಡುವ ಮೇಜಿನ ಮುಂದೆ ಮೀನು ಹಿಡಿದವನೂ ಕುಳಿತುದು ಆಗಲೇ. ದ್ವೀಪ ಬರಿದಾಗಲಿಲ್ಲ. ೧೯೭೦ರ ದಶಕದಲ್ಲಿ ದ್ವೀಪದ ನಟ್ಟನಡುವೆ ಎಲ್ಲ ಪಂಗಡಗಳ ಮಕ್ಕಳಿಗೂ ಒಂದೇ ಶಾಲೆಯಾಯಿತು. ನನ್ನ ಮಟ್ಟಿಗೆ ಹಡಗುಕಟ್ಟೆಗಿಂತ ಇದೇ ಹೆಚ್ಚಿನದು.

ಇದನ್ನೆಲ್ಲ ಚಲಚ್ಚಿತ್ರವೇ ಮಾಡಿತೆಂದು ಹೊಗಳುವವರುಂಟು. ಅದು ಅತಿಶಯೋಕ್ತಿ. ಸಮಿತಿಯು ಮೊದಲೇ ಇತ್ತು. ವಿಶ್ವವಿದ್ಯಾನಿಲಯದ ಕಾರ್ಯಕರ್ತರಾದ ಫ್ರೆಡ್ ಅರ್ಲ್ ಅವರು ಕ್ಯಾಮೆರಾ ಬರುವುದಕ್ಕೆ ಮುಂಚಿನಿಂದಲೂ ಹಳ್ಳಿಹಳ್ಳಿಗೆ ತಿರುಗಿ ಮಾತಾಡುತ್ತಿದ್ದರು. ನೆಲ ಉಳುವವರು ಉತ್ತಿರದಿದ್ದರೆ ಮಳೆ ಸುರಿದೇನು ಫಲ? ಆದರೂ ಮಳೆ ಮಳೆಯೇ.

ಈ ಕ್ರಮವು ಫೋಗೋ ಪದ್ಧತಿಯೆಂದು ಹೆಸರಾಗಿ ಬೇರೆ ನಾಡುಗಳಿಗೂ ಹೋಯಿತು. ೧೯೬೯ರಲ್ಲಿ ಮಾಂಟ್ರಿಯಲ್ಲಿನ ಸೇಂಟ್ ಜಾಕ್ ಎಂಬ ಬಡವರ ಕೇರಿಯ ನಾಗರಿಕ ಸಮಿತಿಯವರ ಕೈಗೇ ವೀಡಿಯೋ ಯಂತ್ರಗಳನ್ನು ಕೊಟ್ಟರು. ಚಿತ್ರಕಾರನು ನಡುವಿನಿಂದ ಇನ್ನೊಂದು ಹೆಜ್ಜೆ ಸರಿದುನಿಂತನು. ಸ್ನೋಡೆನ್ನರು ಈ ವಿದ್ಯೆಯನ್ನು ಹೊತ್ತು ಅನೇಕ ದೇಶಗಳನ್ನು ಸುತ್ತಿ, ೧೯೮೪ರಲ್ಲಿ ನಮ್ಮ ಭಾರತದಲ್ಲಿಯೇ ತೀರಿಕೊಂಡರು.

ದ್ವೀಪದ ಸಂಘಕ್ಕೆ ನಿಜವಾದ ಪರೀಕ್ಷೆ ಬಂದುದು ತಡವಾಗಿ. ಹಡಗುಗಳು ಕಡಲನ್ನು ಬಾಚಿದುದರ ಫಲವಾಗಿ ಕಾಡ್ ಮೀನು ಕ್ಷೀಣಿಸಿ, ೧೯೯೨ರ ಜುಲೈ ೨ರಂದು ಕೆನಡಾ ಸರಕಾರವು ಅದರ ಬೇಟೆಯನ್ನೇ ನಿಲ್ಲಿಸಿತು. ಪ್ರಾಂತದಲ್ಲಿ ಸುಮಾರು ೩೦,೦೦೦ ಜನರ ಕೆಲಸ ಹೋಯಿತು. ಎಷ್ಟೋ ಕಡೆ ಮೀನಿನ ಕಾರ್ಖಾನೆಗಳು ಬಾಗಿಲು ಹಾಕಿದವು. ಫೋಗೋದ ಕಾರ್ಖಾನೆಗಳ ಒಡೆಯರು ದ್ವೀಪದಲ್ಲಿಯೇ ಇದ್ದರು. ಅವರು ಹೋಗುವುದಾದರೂ ಎಲ್ಲಿಗೆ? ಸಂಘವು ಏಡಿಗೂ ಸಿಗಡಿಗೂ ತಿರುಗಿಕೊಂಡು ಬದುಕಿತು. ೩೨ ವರ್ಷಗಳ ಮೇಲೆ, ೨೦೨೪ರಲ್ಲಿ, ಸರಕಾರವು ಆ ನಿಷೇಧವನ್ನು ತೆಗೆದಾಗ, ದ್ವೀಪದಲ್ಲಿ ಮೀನುಗಾರರು ಇನ್ನೂ ಇದ್ದರು.