ಗೋರಿ ಒಂದು, ಹೆಸರು ಎರಡು

ಕಲಬುರಗಿಯಿಂದ ಹುಮನಾಬಾದಿನ ಕಡೆ ಹೋಗುವವರಿಗೆ ಕಮಲಾಪುರವೆಂದರೆ ಕೆಂಪು ಬಾಳೆಹಣ್ಣು. ಅದೇ ತಾಲ್ಲೂಕಿನ ಹೊಳಕುಂದಾದಲ್ಲಿ ಬಹಮನಿ ಕಾಲದ ಗೋರಿಗಳ ಒಂದು ಗುಂಪೇ ಇದೆಯೆಂದು ಎಷ್ಟು ಜನರಿಗೆ ಗೊತ್ತು? ಗೊತ್ತಿದ್ದವರೂ ಅಂತರ್ಜಾಲದಲ್ಲಿ ಹುಡುಕಹೊರಟರೆ ತಬ್ಬಿಬ್ಬಾಗುತ್ತಾರೆ. ಊರಿನವರ ಬಾಯಲ್ಲಿ ಅದು ಹೊಳಕುಂದಾ, ಇಂಗ್ಲಿಷ್ ಗ್ರಂಥಗಳಲ್ಲಿ ಹೋಲ್ಕೊಂಡಾ. ಕಂಪ್ಯೂಟರಿನ ಲೆಕ್ಕದಲ್ಲಿ ಅವು ಬೇರೆ ಬೇರೆ ಊರುಗಳು.

ಕಟ್ಟಡಗಳ ನಕ್ಷೆ, ಛಾಯಾಚಿತ್ರ, ಶಾಸನಪಾಠಗಳನ್ನು ಕಲೆಹಾಕಿ ಎಲ್ಲರಿಗೂ ಸಿಗುವಂತೆ ಅಂತರ್ಜಾಲದಲ್ಲಿ ಇಡುವ ಕೆಲಸ ಈಗ ಜಗತ್ತಿನ ಹಲವೆಡೆ ನಡೆದಿದೆ. ಗಾಲ್ಫ್ ಮೈದಾನಗಳನ್ನು ಯಾರು, ಹೇಗೆ ರೂಪಿಸಿದರೆಂಬ ಚರಿತ್ರೆಯನ್ನೂ ಹೀಗೆ ಕೂಡಿಡುವವರಿದ್ದಾರೆ! 1347ರಲ್ಲಿ ಸ್ಥಾಪನೆಯಾದ ಬಹಮನಿ ರಾಜ್ಯದ ಕಟ್ಟಡಗಳಿಗೆ ಅಂಥ ಭಂಡಾರ ಕಟ್ಟುವುದು ಮಾತ್ರ ಸುಲಭವಲ್ಲ. ದಾಖಲೆಗಳು ಇಲ್ಲವೆಂದಲ್ಲ, ಚದುರಿವೆ. ಇದಕ್ಕೆ ಕಾರಣ ಈ ಭಾಗದ ಚರಿತ್ರೆಯೇ. ಗುಲಾಂ ಯಜ್ದಾನಿಯವರ ನೇತೃತ್ವದಲ್ಲಿ ನಿಜಾಮ ಸರ್ಕಾರ 1914ರಲ್ಲಿ ಪುರಾತತ್ವ ಇಲಾಖೆ ತೆರೆದಾಗ ಕಲಬುರಗಿ ಹೈದರಾಬಾದಿಗೆ ಸೇರಿತ್ತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಆದರೆ ಇಲ್ಲಿನ ಗುಮ್ಮಟಗಳ ಹಳೆಯ ವಿವರ ಬೇಕಾದವರು ಇಂದಿಗೂ ನಿಜಾಮರ ಇಲಾಖೆಯ ವರದಿಗಳನ್ನೇ ತಿರುವಿಹಾಕಬೇಕು.

ಇನ್ನು ಇಸವಿಯ ತೊಡಕು. ಕಲಬುರಗಿ ಕೋಟೆಯೊಳಗಿನ ಜಾಮಿಯಾ ಮಸೀದಿಯನ್ನು ನೋಡಿದವರು ಬಲ್ಲರು, ಅದಕ್ಕೆ ತೆರೆದ ಅಂಗಳವಿಲ್ಲ. ಸುಮಾರು 216 ಅಡಿ ಉದ್ದ, 176 ಅಡಿ ಅಗಲದ ಇಡೀ ಕಟ್ಟಡಕ್ಕೆ ಮಾಡು ಇದೆ. ಜೇಮ್ಸ್ ಫರ್ಗ್ಯೂಸನ್ 1876ರ ತನ್ನ ವಾಸ್ತುಚರಿತ್ರೆಯಲ್ಲಿ ಇದನ್ನು ವಿಶೇಷವಾಗಿ ಪ್ರಸ್ತಾಪಿಸಿದ್ದಾನೆ. ಕಟ್ಟಿದವನು ಕಜ್ವೀನಿನ ರಫಿ, ಕಾಲ ಹಿಜರಿ 769 ಎನ್ನುತ್ತದೆ ಶಾಸನ. ನಮ್ಮ ಪುಸ್ತಕಗಳು ಕಣ್ಣುಮುಚ್ಚಿ 1367 ಎಂದು ಬರೆದುಬಿಡುತ್ತವೆ. ಆದರೆ ಆ ಹಿಜರಿ ವರ್ಷ ಮೊದಲಾದದ್ದು 1367ರ ಆಗಸ್ಟ್ ಕೊನೆಗೆ. ಅದರ ಹೆಚ್ಚಿನ ಭಾಗ 1368ಕ್ಕೆ ಸೇರುತ್ತದೆ. ಮೇಲಾಗಿ, ಶಾಸನದ ಕಾಲವೇ ಇಡೀ ಕಟ್ಟಡದ ಕಾಲವೆಂದು ಒಪ್ಪದ ವಿದ್ವಾಂಸರೂ ಇದ್ದಾರೆ. ಹೀಗಿರುವಾಗ ಒಂದೇ ಇಸವಿಯ ಚೀಟಿ ಅಂಟಿಸಿ ಕೈತೊಳೆದುಕೊಳ್ಳುವುದು ಸರಿಯೆ? ಶಾಸನದ ಮೂಲಪಾಠ, ಅದರ ಚಿತ್ರ, ಭಿನ್ನಾಭಿಪ್ರಾಯಗಳು ಎಲ್ಲವೂ ಅಕ್ಕಪಕ್ಕದಲ್ಲೇ ಇರಬೇಕು.

2014ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ದಖನ್ ಸುಲ್ತಾನರ ಸ್ಮಾರಕಗಳು ಸೇರಿದವು. ಕಲಬುರಗಿಯ ಕೋಟೆ, ದೊಡ್ಡ ಮಸೀದಿ, ಹಫ್ತ್ ಗುಂಬಜ್ ಅದರಲ್ಲಿವೆ, ಗುಲ್ಬರ್ಗಾ ಎಂಬ ಹೆಸರಿನಡಿ. ಅದೇ ವರ್ಷ ನವೆಂಬರ್ 1ರಂದು ಊರಿನ ಹೆಸರು ಅಧಿಕೃತವಾಗಿ ಕಲಬುರಗಿಯಾಯಿತು!

ಆ ಪಟ್ಟಿಯಲ್ಲಿ ಹೊಳಕುಂದಾ ಇಲ್ಲ. ದೊಡ್ಡ ಮಸೀದಿಯ ಚಿತ್ರ ತೆಗೆಯುವವರಿಗೆ ಬರವಿಲ್ಲ. ಕಳೆದುಹೋಗುವ ಭಯವಿರುವುದು ಇಂಥ ಊರುಗಳದ್ದೇ. ಗಾರೆಯ ಕುಸುರಿ ಒಂದು ಮಳೆಗಾಲದಲ್ಲಿ ಉದುರೀತು, ಭಕ್ತಿಯಿಂದಲೇ ಬಳಿದ ಸುಣ್ಣದಡಿ ಮುಚ್ಚಿಹೋದೀತು. ಆಮೇಲೆ ದುರಸ್ತಿಗೆ ಬಂದವರು ಯಾವುದನ್ನು ನೋಡಿ ಸರಿಪಡಿಸಬೇಕು? ಅಳತೆಪಟ್ಟಿ, ಕ್ಯಾಮೆರಾ ಹಿಡಿದು ಹೊರಡುವವರು ಕೋಟೆಯ ಬದಲು ಹೊಳಕುಂದಾದಿಂದಲೇ ಶುರುಮಾಡಬಹುದು. ಪ್ರತಿ ಚಿತ್ರದ ಕೆಳಗೆ ತೆಗೆದ ದಿನಾಂಕವನ್ನೂ ಊರಿನ ಎರಡೂ ಹೆಸರುಗಳನ್ನೂ ಬರೆದಿಟ್ಟರಾಯಿತು.