ಕಂದಾಯದಲ್ಲೇ ಇದೆ ಲೈಬ್ರರಿಯ ದುಡ್ಡು

ಇವತ್ತಿನ ಕಥೆ ಶುರುವಾಗೋದು ಒಂದು ಕಂದಾಯದ ಲೆಕ್ಕದಿಂದ. ಮೈಸೂರಿನ ಕುಂಬಾರಕೊಪ್ಪಲಿನ ಒಂದು ಮನೆಗೆ ವರ್ಷಕ್ಕೆ 3,000 ರೂಪಾಯಿ ಆಸ್ತಿ ತೆರಿಗೆ ಬರುತ್ತೆ ಅಂದ್ಕೊಳ್ಳಿ. ಅದರ ಮೇಲೆ ಶೇಕಡಾ 6, ಅಂದ್ರೆ 180 ರೂಪಾಯಿ, ಗ್ರಂಥಾಲಯ ಕರ. ಬಾಡಿಗೆ ರೂಮಿನಲ್ಲಿದ್ದೀರಾ? ಓನರ್ ಕಟ್ಟೋದು ನಿಮ್ಮ ಬಾಡಿಗೆ ದುಡ್ಡಿಂದಲೇ. ಲೈಬ್ರರಿಗೆ ಒಂದು ದಿನವೂ ಕಾಲಿಡದವರೂ ಇದರಲ್ಲಿ ಪಾಲುದಾರರು.

ಇದು ಬಂದಿದ್ದು ಹೇಗೆ ಅಂತ ನೋಡೋಣ. 1891ರಲ್ಲಿ ಮೈಸೂರಿನಲ್ಲಿ ಓರಿಯಂಟಲ್ ಲೈಬ್ರರಿ ಶುರುವಾಯ್ತು. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿಯನ್ನ ಆರ್. ಶಾಮಶಾಸ್ತ್ರಿಗಳು ಗುರುತಿಸಿದ್ದು ಅಲ್ಲೇ. 1909ರಲ್ಲಿ ಅದು ಅಚ್ಚಾಯ್ತು. ಹೆಮ್ಮೆಯ ವಿಷಯ, ನಿಜ. ಆದರೆ ಅದು ಪಂಡಿತರ ಜಾಗ. ಮಡಕೆ ಮಾಡುವವರ ಮನೆಯ ಹುಡುಗ ಸಂಜೆ ಪೇಪರ್ ಓದೋಕೆ ಹೋಗುವ ಜಾಗ ಅಲ್ಲ. ಮುಂದೆ ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲಕ್ಕೆ ಸಾರ್ವಜನಿಕ ಗ್ರಂಥಾಲಯಗಳು ಬಂದವು. ಆಗಲೂ ಅದು ಮೇಲಿನವರು ಮಾಡಿಕೊಟ್ಟ ಉಪಕಾರವೇ.

ಲೆಕ್ಕ ಬದಲಾಗಿದ್ದು 1965ರಲ್ಲಿ. ಆಗಿನ ಮೈಸೂರು ರಾಜ್ಯ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಮಾಡಿತು, ತೆರಿಗೆಯ ಜೊತೆ ಕರ ಸೇರಿಸಿತು. ಅಲ್ಲಿಂದಾಚೆಗೆ ಲೈಬ್ರರಿ ಯಾರ ದಾನವೂ ಅಲ್ಲ, ನಾವು ದುಡ್ಡು ಕೊಟ್ಟು ಪಡೆಯೋ ಸೇವೆ. ನಲ್ಲಿ ನೀರಿನ ಹಾಗೆ. ನೀರು ಬರದಿದ್ರೆ ಬೀದಿಯವರೆಲ್ಲ ಸೇರಿ ಕೇಳ್ತೀವಿ. ಲೈಬ್ರರಿ ಬಾಗಿಲು ಮುಚ್ಚಿದ್ರೆ ಯಾರಾದ್ರೂ ಕೇಳಿದ್ದು ನೋಡಿದ್ದೀರಾ? ವಸೂಲಾದ ಕರ ಗ್ರಂಥಾಲಯ ಇಲಾಖೆಗೆ ಸೇರದೆ ಬಾಕಿ ಉಳಿಯೋದು ರಾಜ್ಯದ ಹಳೇ ತಕರಾರು. ಬೆಂಗಳೂರೊಂದರಲ್ಲೇ ಆ ಬಾಕಿ ನೂರಾರು ಕೋಟಿ ಮುಟ್ಟಿತ್ತು.

ಹತ್ತಿರದಲ್ಲಿ ಲೈಬ್ರರಿ ಇಲ್ಲದಿದ್ರೆ ಏನಾಗುತ್ತೆ ಅನ್ನೋದಕ್ಕೆ ಮೈಸೂರೇ ಸಾಕ್ಷಿ. ರಾಜೀವ್ ನಗರದಲ್ಲಿ ಕೂಲಿ ಮಾಡ್ತಿದ್ದ ಸೈಯದ್ ಇಸಾಕ್, ಸ್ವತಃ ಶಾಲೆ ಓದೋಕೆ ಆಗದವರು, ತಮ್ಮ ಸಂಪಾದನೆಯಿಂದ ಒಂದು ಶೆಡ್‌ನಲ್ಲಿ ಲೈಬ್ರರಿ ನಡೆಸ್ತಿದ್ರು. ಹತ್ತಿರ ಹತ್ತಿರ 11,000 ಪುಸ್ತಕ, ಹೆಚ್ಚಿನವು ಕನ್ನಡದವು, ಜೊತೆಗೆ ದಿನಾ ಪತ್ರಿಕೆಗಳು. 2021ರ ಏಪ್ರಿಲ್ 9ರ ಬೆಳಗಿನ ಜಾವ ಅದಕ್ಕೆ ಬೆಂಕಿ ಬಿತ್ತು. ಪುಸ್ತಕ ಕಳಿಸಲು, ದುಡ್ಡು ಕೊಡಲು ಎಲ್ಲೆಲ್ಲಿಂದಲೋ ಜನ ಮುಂದೆ ಬಂದ್ರು. ಒಳ್ಳೇದೇ. ಆದರೆ ನನಗೆ ಕಾಡೋದು ಬೇರೆ: ಕರ ಕಟ್ಟೋ ಊರಿನಲ್ಲಿ ಒಬ್ಬ ಕೂಲಿಯವರು ಆ ಭಾರ ಯಾಕೆ ಹೊರಬೇಕಾಯ್ತು?

‘ಎಲ್ಲಾ ಮೊಬೈಲ್‌ನಲ್ಲೇ ಇದೆಯಲ್ಲ’ ಅಂತೀರಿ. ಇದೆ. 2020ರಲ್ಲಿ ಸರ್ಕಾರವೇ ಡಿಜಿಟಲ್ ಗ್ರಂಥಾಲಯ ಶುರು ಮಾಡಿತು, ಆ್ಯಪ್‌ನಲ್ಲಿ ಪುಸ್ತಕ ಪುಕ್ಕಟೆ. ಆದರೆ ಒಂದೇ ರೂಮಿನ ಮನೆಯಲ್ಲಿ ಟಿವಿ ಓಡ್ತಿರುವಾಗ ಪಿಎಸ್‌ಐ ಪರೀಕ್ಷೆಗೆ ಓದೋ ಹುಡುಗಿಗೆ ಬೇಕಿರೋದು ಮೊದಲು ಒಂದು ಕುರ್ಚಿ, ಒಂದು ಫ್ಯಾನು, ರಾತ್ರಿ ಎಂಟರವರೆಗೆ ತೆರೆದಿರೋ ಬಾಗಿಲು. ಅಜ್ಜನಿಗೆ ಪಿಂಚಣಿ ಅರ್ಜಿ ತುಂಬಲು ಒಂದು ಕಂಪ್ಯೂಟರ್, ತೋರಿಸಿಕೊಡೋಕೆ ಒಬ್ಬರು. ಪಂಚಾಯಿತಿ ಲೈಬ್ರರಿಗಳು ಈಗ ‘ಅರಿವು ಕೇಂದ್ರ’ಗಳಾಗಿ ಈ ದಾರಿ ಹಿಡಿದಿವೆ. ಹಳ್ಳಿಯಿಂದ ಬಡಾವಣೆಯಾದ ನಮ್ಮ ಕೊಪ್ಪಲುಗಳು ಯಾಕೆ ಹಿಂದೆ ಬೀಳಬೇಕು?

ಈ ಸಲ ಮನೆಯಲ್ಲಿ ಕಂದಾಯದ ರಸೀದಿ ಬಂದಾಗ ‘ಗ್ರಂಥಾಲಯ ಕರ’ ಎಷ್ಟು ಅಂತ ನೋಡಿ. ಆಮೇಲೆ ನಿಮ್ಮ ವಾರ್ಡಿನ ಲೈಬ್ರರಿ ಎಲ್ಲಿದೆ, ಎಷ್ಟೊತ್ತಿಗೆ ತೆಗೀತಾರೆ ಅಂತ ನಡೆದುಕೊಂಡೇ ಹೋಗಿ ನೋಡಿಬನ್ನಿ.