ಕೋರ್ಟಲ್ಲಿ ಶಿಕ್ಷೆ ಆಯ್ತು, ಮುಂದೇನು? ಅಪೀಲಿನ ಗಡುವು, ಆರೋಪಿಯ ಹಕ್ಕು: ತಿಳಿದಿರಬೇಕಾದ ವಿಷಯಗಳು

ಕೆಜಿಎಫ್/ಬಂಗಾರಪೇಟೆ: ಕೋರ್ಟಲ್ಲಿ ಶಿಕ್ಷೆ ಆದ ದಿನ ಮನೆಯವರು ಕೇಳೋ ಮೊದಲ ಪ್ರಶ್ನೆ 'ಎಷ್ಟು ವರ್ಷ?'. ಅದರ ಜೊತೆಗೇ ಕೇಳಬೇಕಾದ ಇನ್ನೊಂದು ಪ್ರಶ್ನೆ 'ತೀರ್ಪಿನ ಪ್ರತಿ ಎಲ್ಲಿ?'. ಯಾಕಂದ್ರೆ ಮೇಲ್ಮನವಿಯ ಗಡುವು ಅವತ್ತಿಂದಲೇ ಓಡೋಕೆ ಶುರುವಾಗುತ್ತೆ. ಚೆಕ್ ಬೌನ್ಸ್ ಕೇಸಿನ ಅಂಗಡಿಯವರಿಂದ ಹಿಡಿದು ಗಲಾಟೆ ಕೇಸಲ್ಲಿ ಸಿಕ್ಕಿಬಿದ್ದ ಹುಡುಗರವರೆಗೆ ಎಲ್ಲರಿಗೂ ಇದು ಅನ್ವಯ.

ಸಿನಿಮಾದಲ್ಲಿ ನೋಡೋ ಜ್ಯೂರಿ ನಮ್ಮಲ್ಲಿ ಇದೆಯಾ?

ಇಲ್ಲ. ಹಿಂದೆ ಇತ್ತು. ಹೆಚ್ಚು ಹೆಸರಾದದ್ದು 1959ರ ನಾನಾವತಿ ಕೇಸು. 'ರುಸ್ತುಂ' ಹಿಂದಿ ಸಿನಿಮಾಕ್ಕೆ ಅದೇ ಪ್ರೇರಣೆ. ಬಾಂಬೆ ಸೆಷನ್ಸ್ ಕೋರ್ಟಿನ ಜ್ಯೂರಿ 8-1ರಲ್ಲಿ 'ತಪ್ಪಿತಸ್ಥ ಅಲ್ಲ' ಅಂದಿತು. ನ್ಯಾಯಾಧೀಶರು ಒಪ್ಪದೆ ಹೈಕೋರ್ಟಿಗೆ ಕಳಿಸಿದರು. ಹೈಕೋರ್ಟ್ 1960ರಲ್ಲಿ ಜೀವಾವಧಿ ಶಿಕ್ಷೆ ಕೊಟ್ಟಿತು, 1961ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 1974ರ ಏಪ್ರಿಲ್ 1ರಿಂದ ಜಾರಿಯಾದ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಇರಲಿಲ್ಲ. 2024ರ ಜುಲೈ 1ರಿಂದ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ (ಬಿಎನ್‌ಎಸ್‌ಎಸ್) ಇಲ್ಲ.

ಇದರಿಂದ ಆರೋಪಿಗೆ ಒಂದು ಅನುಕೂಲವೂ ಇದೆ. ಜ್ಯೂರಿ ಕಾರಣ ಬರೆದುಕೊಡುತ್ತಿರಲಿಲ್ಲ. ಜ್ಯೂರಿ ವಿಚಾರಣೆ ಆದ ಕೇಸಲ್ಲಿ ಕಾನೂನಿನ ಅಂಶದ ಮೇಲೆ ಮಾತ್ರ ಅಪೀಲು ಹೋಗಬಹುದು ಅಂತ ಹಳೇ ಕಾನೂನಲ್ಲಿತ್ತು. ಈಗ ನ್ಯಾಯಾಧೀಶರು ಕಾರಣ ಬರೆಯಲೇಬೇಕು. ಆ ಕಾರಣ ತಪ್ಪು, ಸಾಕ್ಷಿ ನಂಬೋ ಹಾಗಿಲ್ಲ ಅಂತ ಮೇಲಿನ ಕೋರ್ಟಲ್ಲಿ ವಾದ ಮಾಡಬಹುದು. ಅದಕ್ಕೇ ತೀರ್ಪಿನ ಪ್ರತಿ ಅಷ್ಟು ಮುಖ್ಯ.

ಯಾವ ಕೋರ್ಟಿಗೆ, ಎಷ್ಟು ದಿನದಲ್ಲಿ?

* ಬಂಗಾರಪೇಟೆ ಅಥವಾ ಕೆಜಿಎಫ್ ಮ್ಯಾಜಿಸ್ಟ್ರೇಟ್ ಕೋರ್ಟ್ ಶಿಕ್ಷೆ ಕೊಟ್ಟರೆ: ಸೆಷನ್ಸ್ ಕೋರ್ಟಿಗೆ, 30 ದಿನ.
* ಸೆಷನ್ಸ್ ಕೋರ್ಟ್ ಶಿಕ್ಷೆ ಕೊಟ್ಟರೆ: ಹೈಕೋರ್ಟಿಗೆ, 60 ದಿನ. ಕೋಲಾರ ಜಿಲ್ಲೆಯವರು ಬೆಂಗಳೂರಿಗೇ ಹೋಗಬೇಕು.
* ಮರಣದಂಡನೆ ಆದರೆ: 30 ದಿನ.

ತೀರ್ಪಿನ ಪ್ರತಿ ಪಡೆಯೋಕೆ ಹಿಡಿದ ದಿನಗಳನ್ನು ಈ ಲೆಕ್ಕದಿಂದ ಬಿಡುತ್ತಾರೆ. ಗಡುವು ಮೀರಿದರೂ ಸರಿಯಾದ ಕಾರಣ ಇದ್ದರೆ ವಿಳಂಬ ಮನ್ನಿಸಿ ಅಂತ ಅರ್ಜಿ ಹಾಕಬಹುದು. ಆದರೆ ಮನ್ನಿಸೋದು ಬಿಡೋದು ಕೋರ್ಟಿಗೆ ಬಿಟ್ಟದ್ದು.

ಗಮನಿಸಿ: 'ತಪ್ಪೊಪ್ಪಿಕೊಂಡು ಫೈನ್ ಕಟ್ಟಿ ಮುಗಿಸಿಬಿಡೋಣ' ಅನ್ನೋರು ಜಾಸ್ತಿ. ಹಾಗೆ ಒಪ್ಪಿಕೊಂಡ ಮೇಲೆ ಶಿಕ್ಷೆಯ ಪ್ರಮಾಣ, ಕಾನೂನುಬದ್ಧತೆ ಬಗ್ಗೆ ಬಿಟ್ಟು 'ನಾನು ತಪ್ಪು ಮಾಡಿಲ್ಲ' ಅಂತ ಅಪೀಲು ಹಾಕೋಕೆ ಆಗಲ್ಲ.

ಆರೋಪಿಗೆ ಏನೇನು ಹಕ್ಕಿದೆ?

ಉಚಿತ ಪ್ರತಿ: ಜೈಲು ಶಿಕ್ಷೆ ಆದವರಿಗೆ ತೀರ್ಪಿನ ಪ್ರತಿಯನ್ನು ತಕ್ಷಣ, ದುಡ್ಡಿಲ್ಲದೆ ಕೊಡಬೇಕು (ಬಿಎನ್‌ಎಸ್‌ಎಸ್ ಕಲಂ 404). ಆರೋಪಿ ಕೇಳಿದರೆ, ಸಾಧ್ಯವಿದ್ದಲ್ಲಿ, ಅವರ ಭಾಷೆಗೆ ಅನುವಾದವನ್ನೂ ಕೊಡಬೇಕು. ತಮಿಳು, ತೆಲುಗು ಮನೆಮಾತಿನವರು ಇಷ್ಟೊಂದು ಇರೋ ನಮ್ಮ ಕಡೆ ಇದು ಗೊತ್ತಿರಬೇಕು.

ಜಾಮೀನು: ಆರೋಪಿ ಈಗಾಗಲೇ ಬೇಲ್ ಮೇಲಿದ್ದು, ಶಿಕ್ಷೆ 3 ವರ್ಷ ಮೀರದಿದ್ದರೆ, ಅಪೀಲು ಹಾಕೋವರೆಗೆ ಶಿಕ್ಷೆ ಕೊಟ್ಟ ಕೋರ್ಟೇ ಬಿಡುಗಡೆ ಮಾಡಬೇಕು. ಬೇಡ ಅನ್ನೋಕೆ ವಿಶೇಷ ಕಾರಣ ಬೇಕು (ಕಲಂ 430). ಅಪೀಲು ಹಾಕಿದ ಮೇಲೆ ಶಿಕ್ಷೆ ಅಮಾನತು ಮಾಡಿ ಅಂತ ಮೇಲಿನ ಕೋರ್ಟನ್ನು ಕೇಳಬಹುದು.

ಜೈಲಿಂದಲೇ ಅಪೀಲು: ಒಳಗಿರುವವರು ಅರ್ಜಿಯನ್ನು ಜೈಲು ಅಧಿಕಾರಿ ಕೈಗೆ ಕೊಟ್ಟರೆ ಸಾಕು, ಅವರೇ ಕೋರ್ಟಿಗೆ ಕಳಿಸಬೇಕು (ಕಲಂ 424).

ಉಚಿತ ವಕೀಲರು: ಬಂಧನದಲ್ಲಿರುವವರು, ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಆದಾಯ ಎಷ್ಟೇ ಇದ್ದರೂ ಅರ್ಹರು. ಉಳಿದವರಿಗೆ ಆದಾಯ ಮಿತಿ ಇದೆ. ಅಪೀಲಿಗೂ ಈ ನೆರವು ಸಿಗಬೇಕು ಅಂತ ಸುಪ್ರೀಂ ಕೋರ್ಟ್ 1978ರ ಹೊಸ್ಕೋಟ್ ಪ್ರಕರಣದಲ್ಲೇ ಹೇಳಿದೆ.

'ಅಪೀಲು ಹೋದರೆ ಶಿಕ್ಷೆ ಜಾಸ್ತಿ ಆಗುತ್ತಾ' ಅನ್ನೋ ಭಯ ತುಂಬಾ ಜನಕ್ಕಿದೆ. ಆರೋಪಿ ಹಾಕಿದ ಅಪೀಲಿನಲ್ಲಿ ಶಿಕ್ಷೆ ಹೆಚ್ಚಿಸೋ ಹಾಗಿಲ್ಲ. ಹೆಚ್ಚಿಸಿ ಅನ್ನೋಕೆ ಸರ್ಕಾರ ಬೇರೆ ಮೇಲ್ಮನವಿ ಹಾಕಬೇಕು.

ವ್ಯಾಪಾರಿಗಳಿಗೆ: ಚೆಕ್ ಬೌನ್ಸ್ ಕೇಸು

138ನೇ ಕಲಂ ಕೇಸಲ್ಲಿ 2 ವರ್ಷದವರೆಗೆ ಜೈಲು, ಚೆಕ್ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡೂ ಆಗಬಹುದು. ಅಪೀಲು ಹಾಕಿದಾಗ ದಂಡ ಅಥವಾ ಪರಿಹಾರದ ಕನಿಷ್ಠ ಶೇ. 20ರಷ್ಟನ್ನು 60 ದಿನದಲ್ಲಿ ಠೇವಣಿ ಇಡಿ ಅಂತ ಕೋರ್ಟ್ ಹೇಳಬಹುದು. ಸಕಾರಣ ಇದ್ದರೆ ಇನ್ನೂ 30 ದಿನ ಸಿಗುತ್ತೆ. ಇದು ಎಲ್ಲರಿಗೂ ಕಡ್ಡಾಯ ಅಲ್ಲ, ಅಪರೂಪದ ಸಂದರ್ಭದಲ್ಲಿ ವಿನಾಯಿತಿ ಕೊಡಬಹುದು ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಕಷ್ಟ ಇದ್ದರೆ ಅದನ್ನು ಅರ್ಜಿಯಲ್ಲೇ ಬರೆಸಿ.

ಖುಲಾಸೆ ಆದ ಮೇಲೂ ಅಪೀಲು ಬರುತ್ತಾ?

ಬರಬಹುದು. ಸರ್ಕಾರವೂ ಹಾಕಬಹುದು, ಸಂತ್ರಸ್ತರೂ ಹಾಕಬಹುದು. ಆದರೆ ಖುಲಾಸೆ ಆದವರ ಪರ 'ನಿರ್ದೋಷಿ' ಅನ್ನೋ ಭಾವನೆ ಇಮ್ಮಡಿ ಆಗುತ್ತೆ ಅಂತ 2007ರ ಚಂದ್ರಪ್ಪ ವಿರುದ್ಧ ಕರ್ನಾಟಕ ಸರ್ಕಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ದೇಶದ ಕೋರ್ಟುಗಳಲ್ಲಿ ಇವತ್ತಿಗೂ ಅದನ್ನು ಉಲ್ಲೇಖಿಸುತ್ತಾರೆ.

ಈ ನಿಯಮ ಎಷ್ಟು ಗಟ್ಟಿ ಅನ್ನೋಕೆ ನಮ್ಮ ಜಿಲ್ಲೆಯೇ ಸಾಕ್ಷಿ. 2000ದ ಮಾರ್ಚ್ 11ರಂದು ಆಗ ಕೋಲಾರ ಜಿಲ್ಲೆಯಲ್ಲೇ ಇದ್ದ ಕಂಬಾಲಪಲ್ಲಿಯಲ್ಲಿ 7 ಮಂದಿ ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳು ಖುಲಾಸೆಯಾದರು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಸತ್ತವರ ಕಡೆಯವರಿಗೆ ನ್ಯಾಯ ಸಿಗಲಿಲ್ಲ ಅನ್ನೋ ನೋವು ಇವತ್ತಿಗೂ ಇದೆ. ಕೆಳಗಿನ ಕೋರ್ಟಲ್ಲಿ ಸಾಕ್ಷಿ ನಿಲ್ಲದಿದ್ದರೆ ಮೇಲಿನ ಕೋರ್ಟಲ್ಲಿ ಅದನ್ನು ಸರಿಮಾಡೋದು ಬಹಳ ಕಷ್ಟ. ಈ ಮಾತು ದೂರುದಾರರಿಗೂ ಅನ್ವಯ, ಆರೋಪಿಗೂ ಅನ್ವಯ.

ಎಲ್ಲಿ ಕೇಳಬೇಕು?

ತಾಲ್ಲೂಕು ಕೋರ್ಟ್ ಆವರಣದ ಕಾನೂನು ಸೇವಾ ಸಮಿತಿ, ಕೋಲಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಹೈಕೋರ್ಟ್ ಕೇಸಿಗೆ ಬೆಂಗಳೂರಿನ ಹೈಕೋರ್ಟ್ ಕಾನೂನು ಸೇವಾ ಸಮಿತಿ. ಉಚಿತ ಸಹಾಯವಾಣಿ: 15100.

ಹೋಗುವಾಗ ತೀರ್ಪಿನ ಪ್ರತಿ, ಕೇಸ್ ನಂಬರ್, ಆಧಾರ್, ಬೇಲ್ ಆದೇಶ ಇಟ್ಟುಕೊಳ್ಳಿ. ಪ್ರತಿ ಕೈಗೆ ಬಂದಿಲ್ಲ ಅಂದ್ರೂ ಸುಮ್ಮನೆ ಕೂರಬೇಡಿ. ತೀರ್ಪಿನ ತಾರೀಖು ಬರೆದುಕೊಂಡು ಅವತ್ತೇ ಅರ್ಜಿ ಹಾಕಿ.